ಮಲೆಯೋ

ಹಕ್ಕಿಯ ಹೆಸರು ಮಲೆಯೋ.
ನನ್ನ ನುಡಿಯಲ್ಲಿ ಅದು ಹೆಸರಲ್ಲ, ಪ್ರಶ್ನೆ:
ಮಲೆಯೋ, ಕಡಲೋ?
ಅರ್ಧಕ್ಕೇ ನಿಂತ ಮಾತು.

ಸುಲವೇಸಿಯ ಮೂಡಣ ತೋಳಿನ ಒಂದು ದಂಡೆಯಲ್ಲಿ
ಲಾಸುದಿನ್‌ಗೆ ಇದನ್ನು ಹೇಳಿದೆ.
ಮಗಳು ಮಸ್ನೂರಿ ತನ್ನ ಭಾಷೆಗೆ ತಿರುಗಿಸಿದಳು.
ಮುದುಕ ನಗಲಿಲ್ಲ. ಕಿವಿಯ ಸಂದಿಯ ಲವಂಗದ ಸಿಗರೇಟು ತೆಗೆದು,
"ಅದಕ್ಕೂ ಅದೇ ಪೇಚಾಟ" ಎಂದ.
"ಬದುಕು ಬೆಟ್ಟದಲ್ಲಿ, ಬಾಣಂತನ ಮರಳಲ್ಲಿ.
ನಡುವೆ ಬರೀ ನಡಿಗೆ."

ಹದಿಮೂರಕ್ಕೇ ಮರಳು ಓದಲು ಕಲಿತವನು.
ಹೆಗಲವರೆಗೆ ತೋಳಿಳಿಸಿ
ಎಲ್ಲಿ ಬಿಸಿ, ಎಲ್ಲಿ ಬರೀ ಬೆಚ್ಚಗೆ,
ಯಾವ ಗುಂಡಿ ದಿಟ,
ಯಾವುದು ಕಳ್ಳರಿಗೆಂದು ಹಕ್ಕಿಯೇ ತೋಡಿಟ್ಟ ಸುಳ್ಳು
ಬೆರಳ ತುದಿಯಲ್ಲೇ ಹೇಳುತ್ತಿದ್ದ.
ಒಂದೊಂದೂ ಐದು ಕೋಳಿಮೊಟ್ಟೆಯ ತೂಕ.
ಮದುವೆಮನೆಗೆ, ಅಧಿಕಾರಿಯ ಮನೆಗೆ, ಬಂದರಿನ ಪೇಟೆಗೆ
ಗರಿಯ ಬುಟ್ಟಿಯಲ್ಲಿ ಹೊರಡುತ್ತಿದ್ದವು.
"ಇವಳ ಹಲ್ಲು, ಮೂಳೆ, ಹೈಸ್ಕೂಲು
ಎಲ್ಲ ಅದರ ಹಳದಿಯದೇ" ಎನ್ನುತ್ತಾನೆ.
ನಾಚಿಕೆಯಿಲ್ಲ, ಹೆಮ್ಮೆಯೂ ಇಲ್ಲ,
ಸಾಲದ ಲೆಕ್ಕ ಒಪ್ಪಿಸುವವನ ದನಿ.

ಇವಳೇ ಒಂದು ದಿನ ಬುಟ್ಟಿ ಬಚ್ಚಿಟ್ಟಳಂತೆ.
ಕೈಗೆ ನೋಟುಬುಕ್ಕು ತುರುಕಿ
"ಅಗೆದದ್ದು ಸಾಕು, ಇನ್ನು ಎಣಿಸು."
ನಲವತ್ತೊಂದು ಜೋಡಿ.
ಮುಂದೆ ಇಪ್ಪತ್ತಾರು.
ಗುಡ್ಡದ ಬುಡಕ್ಕೆ ಎಣ್ಣೆತಾಳೆ ಸಾಲುಗಟ್ಟಿ ನಿಂತ ವರ್ಷ ಹತ್ತೊಂಬತ್ತು.
ಆಮೇಲೆ ರಸ್ತೆ.

ಕೆಂಪು ರಸ್ತೆ.
ಹಕ್ಕಿಯ ಹಾಗೇ ಲಾರಿಯೂ ಬೆಟ್ಟದಿಂದ ಕಡಲಿಗೆ ಇಳಿಯುತ್ತದೆ,
ಬೆಟ್ಟವನ್ನೇ ಹೊತ್ತು.
ಹಕ್ಕಿಯ ಹಾಗೇ ಬರಿದಾಗಿ ಹತ್ತುತ್ತದೆ.
ಮಳೆ ಬಂದರೆ ಹವಳದ ಮೇಲೆ ಕೆಂಪು ಹೊದಿಕೆ,
ಬಲೆಯ ಕಣ್ಣುಗಳಲ್ಲಿ ಕೆಸರು.
ನಿಕ್ಕಲ್ ಅಂತೆ. ಬ್ಯಾಟರಿಗಂತೆ.
ದೂರದ ಊರುಗಳ ಹೊಗೆಯಿಲ್ಲದ ಕಾರಿಗಂತೆ.
ನನ್ನ ಜೇಬಿನಲ್ಲಿ ಫೋನು ಬೆಚ್ಚಗಿತ್ತು.

ಆ ರಾತ್ರಿ ಒಂದು ಮರಿ ಎದ್ದಿತು.
ಮೊದಲು ಮರಳು ಉಸಿರಾಡಿದಂತೆ ಕಂಡಿತು,
ಆಮೇಲೆ ಕೊಕ್ಕು, ಆಮೇಲೆ ಒಂದು ಸಿಟ್ಟು.
ಎರಡು ದಿನ ಒಬ್ಬೊಂಟಿ ಅಗೆದುಕೊಂಡು ಮೇಲೆ ಬಂದದ್ದಕ್ಕೆ
ಕಾಯುವ ತಾಯಿಯಿಲ್ಲ, ಜೋಗುಳವಿಲ್ಲ.
ಮೈ ಕೊಡವಿತು. ಕಡಲಿಗೆ ಬೆನ್ನು ತಿರುಗಿಸಿತು.
ಯಾರೂ ಹೇಳಿಕೊಡದೆ ಹಾರಿತು
ಲಾರಿಗಳ ದೀಪದ ಸಾಲಿನ ಮೇಲಿಂದ ಆಚೆಗೆ.
ಮುಟ್ಟಿತೇ ಎಂದೆ.
ಮಸ್ನೂರಿ ಅದನ್ನು ಅನುವಾದಿಸಲೇ ಇಲ್ಲ.

ಬೆಳಗಿನ ಜಾವ ರಸ್ತೆಯಂಚಿಗೆ ಒಂದು ಜೋಡಿ.
ಕಪ್ಪು ಬೆನ್ನು, ನಸುಗೆಂಪು ಎದೆ,
ತಲೆಯ ಮೇಲೆ ಮೂಳೆಯ ಕಿರೀಟ,
ಬಡವರ ಮನೆಯ ಮದುಮಕ್ಕಳಂತೆ ಅಂಟಿ ನಿಂತಿದ್ದವು.
ಲಾಸುದಿನ್ ಉಟ್ಟ ಸರೋಂಗನ್ನೇ ಬಿಚ್ಚಿ ಬೀಸುತ್ತ
ಚಡ್ಡಿಯಲ್ಲಿ ರಸ್ತೆಯ ನಡುವೆ ನಿಂತ.
ಮೊದಲ ಲಾರಿ ಅವನ ಅಕ್ಕನ ಮಗ ತಮ್ರಿನ್‌ನದು.
ಬ್ರೇಕು ಹಾಕಿದ. ಇಂಜಿನು ಆರಿಸಿದ.
ಹಿಂದೆ ಹನ್ನೊಂದು ಲಾರಿ, ಹನ್ನೊಂದು ಹಾರನ್ನು.
"ಮಾಮ, ಒಂದು ಟ್ರಿಪ್ಪಿನ ಕೂಲಿ ಹೋಯಿತು" ಎಂದ, ಮೆಲ್ಲಗೆ,
ಹಕ್ಕಿಗೆ ಕೇಳಿಸಬಾರದೆಂಬಂತೆ.

ಹೆಣ್ಣು ಒಂದು ಕಾಲು ಕೆಂಪಿನ ಮೇಲಿಟ್ಟಿತು.
ಎತ್ತಿತು.
ಗಂಡಿನ ಮುಖ ನೋಡಿತು.
ಹೊಟ್ಟೆಯೊಳಗಿನ ಭಾರದ ಸಮೇತ
ಎರಡೂ ಗುಡ್ಡದ ಕಡೆ ತಿರುಗಿದವು.

ನೋಟುಬುಕ್ಕಿನಲ್ಲಿ ಇದಕ್ಕೆ ಕಲಮು ಇರಲಿಲ್ಲ.
ಅಂಚಿನಲ್ಲಿ ಸಣ್ಣಗೆ ಬರೆದ:
ಒಂದು ಜೋಡಿ. ಬಂತು. ದಾಟಲಿಲ್ಲ.

ಧೂಳು ಇಳಿದ ಮೇಲೆ ದಂಡೆಗೆ ಹೋಗಿ ಮಂಡಿಯೂರಿದ.
ಹಳೆಯ ಗುಂಡಿಯೊಂದಕ್ಕೆ ಹೆಗಲವರೆಗೆ ತೋಳಿಳಿಸಿ
ಕೆನ್ನೆ ನೆಲಕ್ಕೆ ಒತ್ತಿ
ಬಹಳ ಹೊತ್ತು ಹಾಗೇ ಇದ್ದ.
"ಮರಳು ಕಾಯುತ್ತಿದೆ" ಎಂದ.